ಮನೆಯಲ್ಲಿ ಬಾಯಿ ಮುಚ್ಚದ ಹುಡುಗಿ

ಬಿನೆ-ಕಾಮತ್ ಪರೀಕ್ಷೆ ಎಂದು ಒಂದಿದೆ. ಮನಶ್ಶಾಸ್ತ್ರ ಓದಿದವರಿಗೆಲ್ಲ ಗೊತ್ತಿರುವ ಬುದ್ಧಿಮಟ್ಟದ ಪರೀಕ್ಷೆ. 1905ರಲ್ಲಿ ಪ್ಯಾರಿಸಿನ ಆಲ್ಫ್ರೆಡ್ ಬಿನೆ, ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಲೆಂದು ಮಾಡಿದ ಪ್ರಶ್ನೆಗಳು ಅಮೆರಿಕಕ್ಕೆ ಹೋಗಿ, ರೂಪ ಬದಲಿಸಿಕೊಂಡು, 1930ರ ದಶಕದಲ್ಲಿ ನಮ್ಮ ಧಾರವಾಡಕ್ಕೆ ಬಂದವು. ವಿ.ವಿ. ಕಾಮತ್ ಅವರು ಅದನ್ನು ಕನ್ನಡಕ್ಕೂ ಮರಾಠಿಗೂ ಒಗ್ಗಿಸಿದರು. ಪರದೇಶದ ಅಳತೆಗೋಲನ್ನು ಹಾಗೇ ಎತ್ತಿ ತಂದು ಇಲ್ಲಿಯ ಮಕ್ಕಳ ಪಕ್ಕ ನಿಲ್ಲಿಸಬಾರದು ಎಂದು ಅಷ್ಟು ಹಿಂದೆಯೇ ಅವರಿಗೆ ಹೊಳೆದಿತ್ತಲ್ಲ ಎಂದು ನನಗೆ ಗೌರವವಿದೆ. ಪರೀಕ್ಷೆ ಈಗಲೂ ಬಳಕೆಯಲ್ಲಿದೆ. ಬುದ್ಧಿಮಾಂದ್ಯತೆಯ ಪ್ರಮಾಣಪತ್ರ ಬೇಕಾದಾಗ ಇದರ ಅಂಕಿಯೇ ಎಷ್ಟೋ ಕಡೆ ಆಧಾರ.

ಧಾರವಾಡದಿಂದ ಯಲ್ಲಾಪುರಕ್ಕೆ 70 ಕಿಲೋಮೀಟರ್ ಆಸುಪಾಸು. ಬಯಲು ಮುಗಿದು ಕಾಡು ಶುರುವಾಗುವ ಆ ದಾರಿಯಲ್ಲಿ ಪರೀಕ್ಷೆ ಮತ್ತೆ ಪರದೇಶದ್ದಾಗಿಬಿಡುತ್ತದೆ ಎನ್ನುವುದನ್ನು ನಾನು ಕಂಡದ್ದು ಹೋದ ವರ್ಷದ ಮಳೆಗಾಲದಲ್ಲಿ. ಒಂಬತ್ತು ವರ್ಷದ ಒಬ್ಬಳು ಸಿದ್ದಿ ಹುಡುಗಿಯ ವರದಿ ನನ್ನ ಕೈಗೆ ಬಂತು. ಒಂದು ಆಸ್ಪತ್ರೆಯಲ್ಲಿ ಮಾಡಿಸಿದ್ದು. ಐಕ್ಯೂ 58. ಕೆಳಗೆ ಒಂದು ಸಾಲು: ಬಹುತೇಕ ಪ್ರಶ್ನೆಗಳಿಗೆ ಮಗು ‘ಗೊತ್ತಿಲ್ಲ’ ಎಂದಿದೆ, ಉಳಿದವಕ್ಕೆ ಉತ್ತರಿಸಿಲ್ಲ. ಫಾರಂನಲ್ಲಿ ಮಾತೃಭಾಷೆ ಎಂಬ ಕಾಲಂ ಇತ್ತು. ಅಲ್ಲಿ ‘ಕನ್ನಡ’ ಎಂದು ಮೊದಲೇ ಅಚ್ಚಾಗಿತ್ತು.

ನನ್ನ ಪಿಎಚ್.ಡಿ. ವಿಷಯ ಕನ್ನಡ ಎರಡನೇ ಭಾಷೆಯಾಗಿರುವ ಹಾಸ್ಟೆಲ್ ಮಕ್ಕಳ ಮಾನಸಿಕ ಆರೋಗ್ಯ. ಹಾಗಾಗಿ ಹಾಸ್ಟೆಲಿನವರು ನನ್ನನ್ನು ಕೇಳಿದರು: ಇವಳನ್ನು ಇಟ್ಟುಕೊಳ್ಳಬೇಕೋ, ವಿಶೇಷ ಶಾಲೆಗೆ ಕಳಿಸಬೇಕೋ? ವರ್ಷವಾಯಿತು, ತರಗತಿಯಲ್ಲೂ ಹಾಸ್ಟೆಲಿನಲ್ಲೂ ಅವಳ ಬಾಯಲ್ಲಿ ಮಾತೇ ಇಲ್ಲ. ನಾನು ಮೊದಲು ಮಾಡಿದ ಕೆಲಸ ಅವಳ ಅಜ್ಜಿಯನ್ನು ಹೋಗಿ ಕಂಡದ್ದು. ಅಜ್ಜಿ ನಕ್ಕಳು. “ಎಂತ ಹೇಳೂದು ಅಮ್ಮಾ, ಇದು ಮನೇಲಿ ಬಾಯಿ ಮುಚ್ಚೂದೇ ಇಲ್ಲ.”

ಇಲ್ಲಿ ಬರೆಯುತ್ತಿರುವುದರಲ್ಲಿ ಮಗುವಿನ ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಅಜ್ಜಿಗೆ ಓದಿ ಹೇಳಿದ್ದೇನೆ. ಅವಳು ಎರಡು ವಾಕ್ಯ ತೆಗೆಸಿದಳು, ತೆಗೆದಿದ್ದೇನೆ.

ಅವಳು ನನಗೆ ‘ಅಮ್ಮಾ’ ಎಂದದ್ದನ್ನು ಗಮನಿಸಬೇಕು. ಅವಳಿಗೆ ಅರವತ್ತೈದರ ಮೇಲಾಗಿದೆ, ನನಗೆ ಇಪ್ಪತ್ತೆಂಟು. ನಾನು ಅಡಿಕೆ ತೋಟದ ಹವ್ಯಕರ ಮನೆಯವಳು. ಈ ಸೀಮೆಯಲ್ಲಿ ಸಿದ್ದಿಯರು ನಮ್ಮಂಥ ಮನೆಗಳ ತೋಟದಲ್ಲಿ ತಲೆತಲಾಂತರದಿಂದ ದುಡಿದವರು. ನನ್ನ ಅಪ್ಪನನ್ನು ಅವರು ‘ಒಡೆಯರೇ’ ಎಂದು ಕರೆಯುವುದನ್ನು ಕೇಳಿಕೊಂಡೇ ಬೆಳೆದವಳು ನಾನು. ಅದೇ ಬಾಯಲ್ಲಿ ನಾನು ಪ್ಯಾಡು ಹಿಡಿದು ‘ಅಜ್ಜೀ, ಮನಸ್ಸು ಬಿಚ್ಚಿ ಮಾತಾಡಿ’ ಎಂದರೆ ಅದು ಚಿಕಿತ್ಸೆಯ ಮಾತಾಗಿ ಕೇಳಿಸುತ್ತದೋ ಒಡೆಯರ ಮನೆಯ ವಿಚಾರಣೆಯಾಗಿ ಕೇಳಿಸುತ್ತದೋ? ಸಾಂಸ್ಕೃತಿಕ ಸೂಕ್ಷ್ಮತೆ ಎಂಬ ಹೆಸರಿನಲ್ಲಿ ನಡೆಯುವ ತರಬೇತಿಗಳಲ್ಲಿ ಸಿದ್ದಿಯರ ಡಮಾಮಿ ಕುಣಿತದ ವಿಡಿಯೋ ತೋರಿಸುತ್ತಾರೆ. ಈ ಪ್ರಶ್ನೆಯನ್ನು ಎತ್ತುವವರು ಕಡಿಮೆ.

ಸಿದ್ದಿಯರ ಕಥೆ ಕನ್ನಡದ ಓದುಗರಿಗೆ ಅಷ್ಟಿಷ್ಟು ಗೊತ್ತು. ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದವರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಉತ್ತರ ಕನ್ನಡದ ಕಾಡು ಸೇರಿದರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ, ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ. ಮನೆಯಲ್ಲಿ ಆಡುವುದು ಕೊಂಕಣಿಯ ಬುನಾದಿಯ ಮೇಲೆ ಮರಾಠಿ, ಕನ್ನಡ ಬೆರೆತ ತಮ್ಮದೇ ಮಾತು. ನಾಲ್ಕು ನೂರು ವರ್ಷದ ಹತ್ತಿರ ಇಲ್ಲಿದ್ದರೂ ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ‘ಎಲ್ಲಿಂದ ಬಂದಿದ್ದು?’ ಎಂದು ಇಂಗ್ಲಿಷಿನಲ್ಲಿ ಕೇಳುವ ಪ್ರವಾಸಿಗರಿದ್ದಾರೆ.

ಹುಡುಗಿಯ ಟೀಚರ್ ಕೆಟ್ಟವರಲ್ಲ. “ಓದು ಹತ್ತದಿದ್ರೆ ರನ್ನಿಂಗಿಗಾದ್ರೂ ಹಾಕಿ, ಅವರ ರಕ್ತದಲ್ಲೇ ಇದೆ” ಎಂದು ನಿಜವಾದ ಕಾಳಜಿಯಿಂದಲೇ ಹೇಳಿದರು. ಭಾರತೀಯ ಕ್ರೀಡಾ ಪ್ರಾಧಿಕಾರ 1980ರ ದಶಕದ ಕೊನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಟ್ಟಿತ್ತು, ಕೆಲ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು. ರಕ್ತದ ಮಾತು ಮಾತ್ರ ನಿಲ್ಲಲಿಲ್ಲ. ಈ ಹುಡುಗಿಗೆ ಓಡುವುದೆಂದರೆ ಆಗದು.

ಇನ್ನೊಂದು ವಿಷಯ, ಜಡೆ. ಶಾಲೆಯ ನಿಯಮ ಎರಡು ಜಡೆ, ಕೆಂಪು ರಿಬ್ಬನ್. ಸುರುಳಿ ಸುರುಳಿಯಾದ ಸಿದ್ದಿ ಕೂದಲು ಬಾಚಣಿಗೆಗೆ ಹಾಗೆಲ್ಲ ಒಗ್ಗುವುದಿಲ್ಲ. ಬೆಳಿಗ್ಗೆ ಆರೂವರೆಗೆ ಸಾಲಿನಲ್ಲಿ ಕೂರಿಸಿ, ಎಣ್ಣೆ ಸುರಿದು ಎಳೆದು ಎಳೆದು ಕಟ್ಟುವಾಗ ಅವಳ ಕಣ್ಣಲ್ಲಿ ನೀರಿಳಿಯುವುದನ್ನು ನಾನೇ ನೋಡಿದ್ದೇನೆ. ಉಳಿದ ಮಕ್ಕಳು ನಗುತ್ತಿದ್ದವು. ದಿನ ಹೀಗೆ ಶುರುವಾಗುವ ಜಾಗದಲ್ಲಿ ಮಾತು ಬೇಡ ಎಂದು ಒಂಬತ್ತು ವರ್ಷದವಳು ತೀರ್ಮಾನಿಸಿದರೆ ಬುದ್ಧಿ ಕಡಿಮೆ ಎನ್ನಲು ನನಗೆ ಮನಸ್ಸಾಗಲಿಲ್ಲ.

ಆ ತಿಂಗಳು ನಾನು ಹುಡುಕಿ ಓದಿದ್ದರಲ್ಲಿ ಮೂರು ಸಂಗತಿ ತಲೆಯಲ್ಲಿ ಉಳಿದವು. ಮೊದಲನೆಯದು ಸ್ಟಾನ್ಲಿ ಸೂ 1970ರ ದಶಕದಲ್ಲಿ ಸಿಯಾಟಲ್ ಪ್ರದೇಶದ 17 ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಕಂಡದ್ದು. ಅಲ್ಪಸಂಖ್ಯಾತ ಜನಾಂಗದಿಂದ ಬಂದವರಲ್ಲಿ ಅರ್ಧದಷ್ಟು ಜನ ಒಮ್ಮೆ ಬಂದವರು ಮತ್ತೆ ಬರಲಿಲ್ಲ. ಬಿಳಿಯರಲ್ಲಿ ಹಾಗೆ ಬಿಟ್ಟವರು ಶೇ. 30. ‘ಅವರಿಗೆ ಥೆರಪಿ ಹಿಡಿಸುವುದಿಲ್ಲ’ ಎನ್ನುತ್ತಿದ್ದವರಿಗೆ, ಥೆರಪಿಗೆ ಅವರು ಹಿಡಿಸುತ್ತಿಲ್ಲವೇ ಎಂದು ತಿರುಗಿ ಕೇಳಲು ಅದೊಂದು ಅಂಕಿ ಸಾಕಾಯಿತು.

ಎರಡನೆಯದು ಭಾಷಾವಿಜ್ಞಾನಿ ವಿಲಿಯಂ ಲಬೋವ್ 1969ರಲ್ಲಿ ಬರೆದದ್ದು. ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಎಂಟು ವರ್ಷದ ಒಬ್ಬ ಕಪ್ಪು ಹುಡುಗ. ಕೇಳಿದ್ದಕ್ಕೆಲ್ಲ ಒಂದೋ ಎರಡೋ ಪದ, ಇಲ್ಲವೇ ಮೌನ. ಇಂಥ ಮಕ್ಕಳಿಗೆ ಭಾಷೆಯೇ ಇಲ್ಲ ಎಂದು ಆಗಿನ ಶಿಕ್ಷಣತಜ್ಞರು ಹೇಳುತ್ತಿದ್ದ ಕಾಲ. ತಮಾಷೆಯೆಂದರೆ ಸಂದರ್ಶನ ಮಾಡಿದವನೂ ಹಾರ್ಲೆಮಿನಲ್ಲೇ ಬೆಳೆದ ಕಪ್ಪು ಮನುಷ್ಯನೇ. ಮುಂದಿನ ಸಲ ಅವನು ಒಂದು ಪೊಟ್ಟಣ ಆಲೂಗಡ್ಡೆ ಚಿಪ್ಸ್ ತಂದ, ಹುಡುಗನ ಜೀವದ ಗೆಳೆಯನನ್ನು ಕರೆದ, ಕುರ್ಚಿ ಬಿಟ್ಟು ನೆಲದ ಮೇಲೆ ಕೂತ, ಹುಡುಗರು ಆಡುವ ಕೆಟ್ಟ ಮಾತನ್ನು ತಾನೇ ಮೊದಲು ಆಡಿದ. ಇಬ್ಬರೂ ಹುಡುಗರು ಒಬ್ಬರ ಬಾಯಿಂದ ಒಬ್ಬರು ಮಾತು ಕಿತ್ತುಕೊಳ್ಳತೊಡಗಿದರು. ಇದನ್ನು ಓದಿ ನನಗೆ ಸಮಾಧಾನವೂ ಆಯಿತು, ಭಯವೂ ಆಯಿತು. ಒಂದೇ ಜನಾಂಗದವನಾಗಿದ್ದೂ ಮೊದಲ ಸಲ ಅವನಿಗೆ ದಕ್ಕಲಿಲ್ಲ ಎಂದರೆ ಹೊರಗಿನವಳಾದ ನನಗೂ ದಾರಿ ಇರಬಹುದು. ಆದರೆ ನಾನು ನೆಲದ ಮೇಲೆ ಕೂತರೆ ಅಜ್ಜಿ ಓಡಿಹೋಗಿ ಕುರ್ಚಿ ತರುತ್ತಾಳೆ.

ಮೂರನೆಯದು ಕ್ವೆಂಟೊ ಥೆರಪಿ. ಸ್ಪ್ಯಾನಿಷಿನಲ್ಲಿ ಕ್ವೆಂಟೊ ಎಂದರೆ ಕಥೆ. ಪೋರ್ಟೊ ರಿಕೊ ದ್ವೀಪದಿಂದ ನ್ಯೂಯಾರ್ಕಿಗೆ ಬಂದ ಬಡ ಕುಟುಂಬಗಳ ಪುಟ್ಟ ಮಕ್ಕಳು ಶಾಲೆಯಲ್ಲಿ ಅಂಜುತ್ತಿದ್ದವು, ಜಗಳಾಡುತ್ತಿದ್ದವು. ಜ್ಯೂಸೆಪ್ಪೆ ಕೊಸ್ಟಾಂಟಿನೊ, ರಾಬರ್ಟ್ ಮಾಲ್ಗಡಿ, ಲಾಯ್ಡ್ ರಾಗ್ಲರ್ ಎಂಬ ಮೂವರು ಅಲ್ಲಿಯ ಜನಪದ ಕಥೆಗಳನ್ನೇ ಚಿಕಿತ್ಸೆಯ ಕೋಣೆಗೆ ತಂದರು. 1986ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 210 ಮಕ್ಕಳಿದ್ದರು, ಜೊತೆಗೆ ಅವರ ತಾಯಂದಿರು. ಕೆಲವರಿಗೆ ಊರಿನ ಕಥೆ ಇದ್ದ ಹಾಗೆ, ಕೆಲವರಿಗೆ ನ್ಯೂಯಾರ್ಕಿನ ಬದುಕಿಗೆ ತಿರುಗಿಸಿ ಹೇಳಿದ್ದು, ಕೆಲವರಿಗೆ ಚಿತ್ರ-ಆಟದ ಮಾಮೂಲಿ ಚಿಕಿತ್ಸೆ, ಉಳಿದವರಿಗೆ ಏನೂ ಇಲ್ಲ. ಕಥೆ ಕೇಳಿದ ಮಕ್ಕಳಲ್ಲಿ ಆತಂಕ ಇಳಿಯಿತು, ವರ್ಷದ ಮೇಲೂ ಅದು ನಿಂತಿತ್ತು.

ಪೋರ್ಟೊ ರಿಕೊದ ಕಥೆಗಳಲ್ಲಿ ಹ್ವಾನ್ ಬೋಬೊ ಎಂಬ ಪೆದ್ದ ಹುಡುಗ ಬರುತ್ತಾನೆ. ಅಮ್ಮ ಚರ್ಚಿಗೆ ಹೋದಾಗ ಮನೆಯ ಹಂದಿ ಕಿರುಚುವುದನ್ನು ಕೇಳಿ, ಪಾಪ ಇದಕ್ಕೂ ಚರ್ಚಿಗೆ ಹೋಗುವ ಆಸೆಯಿರಬೇಕು ಎಂದು ಅಮ್ಮನ ಬಟ್ಟೆ, ಒಡವೆ ಎಲ್ಲ ತೊಡಿಸಿ ಕಳಿಸುತ್ತಾನೆ. ಅದು ಸೀದಾ ಹೋಗಿ ಕೆಸರಿನಲ್ಲಿ ಹೊರಳುತ್ತದೆ. ದೊಡ್ಡ ಊರಿಗೆ ಬಂದು ಎಲ್ಲರೆದುರು ಪೆದ್ದನೆನಿಸಿಕೊಂಡ ಮಗುವಿಗೆ ಇಂಥ ಪೆದ್ದನ ಕಥೆ ಏಕೆ ಹಿತ ಎಂದು ವಿವರಿಸಬೇಕಾಗಿಲ್ಲ. ನನಗೆ ಈ ಅಧ್ಯಯನದಲ್ಲಿ ಕಥೆಗಿಂತ ಹೆಚ್ಚು ಹಿಡಿಸಿದ್ದು ತಾಯಂದಿರನ್ನು ಕೋಣೆಯ ಒಳಗೆ ಕರೆದದ್ದು. ಇಂಗ್ಲಿಷ್ ಬಾರದ, ಶಾಲೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲುವ ತಾಯಿ ಆ ಒಂದೂವರೆ ಗಂಟೆ ಎಲ್ಲರಿಗಿಂತ ಹೆಚ್ಚು ಬಲ್ಲವಳು. ಮಗು ಅದನ್ನು ನೋಡುತ್ತದೆ.

ಇದೆಲ್ಲ ಮಂತ್ರದಂಡವಲ್ಲ. ಅದೇ ತಂಡ ಹದಿಹರೆಯದವರಿಗೆ ಹೆಸರಾಂತ ಪೋರ್ಟೊ ರಿಕನ್ನರ ಜೀವನಕಥೆ ಬಳಸಿ ನೋಡಿದಾಗ ಫಲ ಮಿಶ್ರವಾಗಿತ್ತು. ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎನ್ನುವುದರ ಮೇಲೆ ಬದಲಾಗುತ್ತಿತ್ತು.

ನನ್ನ ಮಾರ್ಗದರ್ಶಕರು ಕ್ಲಿನಿಕಲ್ ಸೈಕಾಲಜಿಸ್ಟ್. ಅವರ ಉಸ್ತುವಾರಿಯಲ್ಲಿ ಸೆಪ್ಟೆಂಬರಿನಿಂದ ಮಾರ್ಚಿನವರೆಗೆ ಶನಿವಾರಗಳಲ್ಲಿ ಅಜ್ಜಿಯ ಮನೆಗೆ ಹೋದೆ. ನನ್ನ ಕೊಂಕಣಿ ಮೀನು ಮಾರುವವರ ಹತ್ತಿರ ಚೌಕಾಸಿ ಮಾಡುವಷ್ಟು ಕೂಡ ಇಲ್ಲ (ಮೀನು ತಿನ್ನದ ಮನೆಯವಳಿಗೆ ಆ ಅಭ್ಯಾಸವಾದರೂ ಎಲ್ಲಿಂದ). ಅನುವಾದಕ್ಕೆ ಯಾರು? ಹುಡುಗಿಯ ಅಣ್ಣ ಹದಿಮೂರರವ, ಬ್ಯಾಂಕು, ರೇಷನ್ ಅಂಗಡಿ, ಪಂಚಾಯ್ತಿ ಎಲ್ಲ ಕಡೆ ಮನೆಯವರ ಬಾಯಿ ಅವನೇ. ಆದರೆ ವಲಸೆ ಕುಟುಂಬಗಳೊಡನೆ ಕೆಲಸ ಮಾಡಿದವರು ಒಂದು ಎಚ್ಚರಿಕೆ ಹೇಳುತ್ತಾರೆ, ಮನೆಯ ಕಷ್ಟವನ್ನು ಮಗುವಿನ ಬಾಯಿಂದ ಅನುವಾದ ಮಾಡಿಸಬಾರದು ಎಂದು. ದೊಡ್ಡವರ ದುಃಖ ಅವನ ನಾಲಿಗೆಯ ಮೇಲೆ ಹಾದುಹೋಗಬೇಕಾಗುತ್ತದೆ. ಕಾಲೇಜಿಗೆ ಹೋಗುವ ಅವರ ಅಕ್ಕನ ಮಗಳೊಬ್ಬಳು ಒಪ್ಪಿಕೊಂಡಳು. ಅವಳಿಗೆ ನನ್ನ ಫೆಲೋಶಿಪ್ಪಿನಿಂದ ಗಂಟೆಗಿಷ್ಟು ಎಂದು ಕೊಟ್ಟೆ. ಪುಕ್ಕಟೆ ಮಾಡಿಸಿದ್ದರೆ ಮತ್ತದೇ ತೋಟದ ಬಿಟ್ಟಿ ಕೆಲಸ.

ಅಜ್ಜಿ ಕವಂದಿ ಹೊಲಿಯುತ್ತಾಳೆ. ನಮ್ಮ ಕಡೆ ಕೌದಿ ಎನ್ನುವುದೇ, ಆದರೆ ಸಿದ್ದಿ ಹೆಂಗಸರ ಕವಂದಿಯ ಬಣ್ಣವೇ ಬೇರೆ. ಹಳೆ ಸೀರೆ, ಅಂಗಿ, ಲುಂಗಿಗಳ ತುಂಡನ್ನು ಅಂಚಿನಿಂದ ಶುರು ಮಾಡಿ ಸುತ್ತ ಸುತ್ತ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ತ್ರಿಕೋನದ ‘ಫುಲ’ ಇಡದಿದ್ದರೆ ಕವಂದಿ ಪೂರ್ತಿಯಾದಂತಲ್ಲ. ಕುಟುಂಬ ಚಿಕಿತ್ಸೆಯಲ್ಲಿ ಜೀನೋಗ್ರಾಮ್ ಎಂಬ ನಕ್ಷೆ ಬರೆಯುವ ಪದ್ಧತಿಯಿದೆ: ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಸತ್ತವರಿಗೆ ಗೆರೆ. ಆ ಹಾಳೆ ನಾನು ಚೀಲದಿಂದ ತೆಗೆಯಲೇ ಇಲ್ಲ. ಅಜ್ಜಿ ಹಾಸಿದ ಕವಂದಿಯ ಮೇಲೆ ಕೂತು ಹುಡುಗಿ ಒಂದೊಂದೇ ತುಂಡಿನ ಮೇಲೆ ಬೆರಳಿಟ್ಟು ಹೇಳಿದಳು. ಇದು ಅಜ್ಜನ ಲುಂಗಿ, ಮರ ಬಿದ್ದು ಸತ್ತ. ಇದು ಚಿಕ್ಕಪ್ಪನ ಶರ್ಟು, ಜಾತ್ರೆಗೆ ತಂದದ್ದು. ಇದು ಟೀಚರ್ ಕೊಟ್ಟ ಹಳೆ ಚೂಡಿದಾರ. ನಿಲ್ಲದೆ ಮಾತು, ನಡುವೆ ಅಕ್ಕನ ಅನುವಾದ ತಪ್ಪಿದರೆ ತಿದ್ದುವುದು ಬೇರೆ. ಅಂದರೆ ನನ್ನ ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತಿತ್ತು. ಒಂದು ಹಳದಿ ತುಂಡಿನ ಮೇಲೆ ಮಾತ್ರ ಬೆರಳು ನಿಲ್ಲುತ್ತಿರಲಿಲ್ಲ. ಅದನ್ನು ದಾಟಿ ಮುಂದೆ ಹೋಗುತ್ತಿತ್ತು. ನಾನು ಕೇಳಲಿಲ್ಲ.

ಅಜ್ಜಿಯ ಲೆಕ್ಕದಲ್ಲಿ ಹುಡುಗಿಯ ಮೌನಕ್ಕೆ ಕಾರಣ ಹಿರಿಯರು. ಮನೆಯಿಂದ ಒಬ್ಬರು ದೂರ ಹೋಗುವಾಗ ಹಿರಿಯರಿಗೆ ಕಾಯಿ ಇಟ್ಟು ಹೇಳಿ ಹೋಗಬೇಕು, ಹೇಳದೆ ಹೋಗಿದ್ದಾರೆ, ಅದಕ್ಕೆ. ಮಾರ್ಗದರ್ಶಕರಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಯಾರು ಹೋಗಿದ್ದಾರೆ ಅಂತ ಹೇಳಿದ್ರಾ?” ಹೇಳಿರಲಿಲ್ಲ. ಹುಡುಗಿಯ ಅಮ್ಮನ ವಿಷಯ ಬಂದಾಗಲೆಲ್ಲ ‘ಕೆಲಸಕ್ಕೆ ಹೋಗಿದೆ’ ಎಂದಷ್ಟೇ. ಎಲ್ಲಿಗೆ, ಯಾವಾಗಿನಿಂದ ಎನ್ನುವುದಿಲ್ಲ.

ಡಿಸೆಂಬರಿನಲ್ಲಿ ಒಂದು ಶನಿವಾರ, ನಾನು ಹೊರಡುವ ಹೊತ್ತಿಗೆ ಅಜ್ಜಿ ದಣಪೆಯವರೆಗೆ ಬಂದಳು. “ಅಮ್ಮಾ, ಇಲ್ಲಿ ಮಾತಾಡಿದ್ದು ನಿಮ್ಮ ಅಪ್ಪಂಗೆ ಹೇಳ್ತ್ರಾ?”

ಇಲ್ಲ ಎಂದೆ. ಅಪ್ಪನಿಗೂ ಇಲ್ಲ, ಅಮ್ಮನಿಗೂ ಇಲ್ಲ, ಹಾಸ್ಟೆಲಿಗೂ ಇಲ್ಲ, ಯಾರದಾದರೂ ಜೀವಕ್ಕೆ ಅಪಾಯವಿದ್ದರೆ ಮಾತ್ರ ನನ್ನ ಮೇಲಿನವರಿಗೆ ಹೇಳಬೇಕಾಗುತ್ತದೆ ಎಂದೆ. ಮೊದಲ ದಿನವೇ ಒಪ್ಪಿಗೆ ಪತ್ರದಲ್ಲಿ ಇದನ್ನೆಲ್ಲ ಓದಿ ಹೇಳಿದ್ದೆ. ಅಂದು ಅವಳು ಹೆಬ್ಬೆಟ್ಟು ಒತ್ತಿದ್ದಳು. ನಂಬಿದ್ದು ಈಗ.

ಹುಡುಗಿಯ ಅಮ್ಮ ಒಂದು ತೋಟದ ಮನೆಯಲ್ಲಿ ಮುಂಗಡ ತೆಗೆದುಕೊಂಡಿದ್ದಳು. ನಮ್ಮ ಮನೆಯಲ್ಲ, ಆದರೆ ನಮ್ಮಂಥದೇ ಮನೆ. ದುಡಿದು ತೀರಿಸುವುದು ಮುಗಿಯುವಂತೆ ಕಾಣದೆ, ಬೇಸಿಗೆಯಲ್ಲಿ ಒಂದು ರಾತ್ರಿ ಗೋವೆಗೆ ಹೋದಳು, ಮನೆಗೆಲಸಕ್ಕೆ. ಹೋಗುವಾಗ ಮಗಳಿಗೆ ಹೇಳಿಹೋದದ್ದು: ಹಾಸ್ಟೆಲಿನಲ್ಲಿ ಯಾರ ಹತ್ತಿರವೂ ಮಾತಾಡಬೇಡ, ಏನು ಕೇಳಿದರೂ ಗೊತ್ತಿಲ್ಲ ಹೇಳು. ಹಳದಿ ತುಂಡು ಅವಳ ಸೀರೆಯದು.

ವರದಿಯಲ್ಲಿದ್ದ ‘ಗೊತ್ತಿಲ್ಲ’ಗಳನ್ನು ನಾನು ಮನೆಗೆ ಬಂದು ಮತ್ತೆ ಎಣಿಸಿದೆ. ಹನ್ನೊಂದು.

ಇದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಜಡೆಯಿದೆ, ನಗುವಿದೆ, ಪಾಠದ ಕನ್ನಡವಿದೆ. ಹೊಸ ಭಾಷೆಗೆ ಬಿದ್ದ ಮಕ್ಕಳು ಕೆಲ ತಿಂಗಳು ಬಾಯಿ ಬಿಡದೆ ಬರೀ ಕೇಳಿಸಿಕೊಳ್ಳುವುದೂ ಇದೆ. ಮನೆಯಲ್ಲಿ ಮಾತಾಡಿ ಶಾಲೆಯಲ್ಲಿ ಮೂಕರಾಗುವ ತೊಂದರೆ, ಸೆಲೆಕ್ಟಿವ್ ಮ್ಯೂಟಿಸಂ, ವಲಸೆ ಹೋದ ಕುಟುಂಬಗಳ ಮಕ್ಕಳಲ್ಲಿ ಹೆಚ್ಚು ಕಂಡಿದೆ ಎಂದು ಅಧ್ಯಯನಗಳಿವೆ. ಆದರೆ ಎಷ್ಟೇ ಕಥೆ ಹೇಳಿ, ಎಷ್ಟೇ ಆಟವಾಡಿಸಿ ‘ಮಾತಾಡು ಮಗಾ’ ಎಂದಿದ್ದರೂ ನಾವು ಅವಳಿಗೆ ಹೇಳುತ್ತಿದ್ದುದು ಅಮ್ಮನ ಮಾತು ಮೀರು ಎಂದೇ. ಆ ಮಾತನ್ನು ಹಿಂತೆಗೆದುಕೊಳ್ಳಬೇಕಾದವಳು ಗೋವೆಯಲ್ಲಿದ್ದಳು.

ಸ್ಟಾನ್ಲಿ ಸೂ 1998ರ ಒಂದು ಲೇಖನದಲ್ಲಿ, ಒಳ್ಳೆಯ ಚಿಕಿತ್ಸಕರಿಗೆ ಯಾವಾಗ ಇಡೀ ಜನಾಂಗವನ್ನು ನೋಡಬೇಕು, ಯಾವಾಗ ಎದುರಿಗಿರುವ ಒಬ್ಬರನ್ನೇ ನೋಡಬೇಕು ಎಂದು ಗೊತ್ತಿರಬೇಕು ಎನ್ನುತ್ತಾರೆ. ಸಿದ್ದಿ ಸಂಸ್ಕೃತಿಯ ಬಗ್ಗೆ ಇರುವ ಪುಸ್ತಕಗಳನ್ನೆಲ್ಲ ಓದಿದ್ದರೂ ನನಗೆ ಈ ಮುಂಗಡದ ಸಾಲ ಸಿಗುತ್ತಿರಲಿಲ್ಲ. ಅದು ಅವರ ಸಂಸ್ಕೃತಿಯಲ್ಲ. ಯಾರದಾದರೂ ಹೌದಾದರೆ, ನಮ್ಮದು.

ಅಮ್ಮ ಗೋವೆಯಿಂದ ಕಳಿಸಿದ ದುಡ್ಡಿನಲ್ಲಿ ಯುಗಾದಿಯ ಹೊತ್ತಿಗೆ ಸಾಲ ತೀರಿತು. ತೀರಿದ್ದಕ್ಕೆ ಚೀಟಿ ಬರೆಸಿಕೊಳ್ಳಲು ಅನುವಾದಕ್ಕೆ ಬರುತ್ತಿದ್ದ ಅಕ್ಕನೇ ಹೋಗಿದ್ದಳು. ಅದಕ್ಕೂ ಮುಂಚೆ, ಜನವರಿಯಲ್ಲಿ, ಅಮ್ಮ ಫೋನಿನಲ್ಲಿ ಮಗಳಿಗೆ ‘ಇನ್ನು ಮಾತಾಡಬಹುದು’ ಎಂದಿದ್ದಳಂತೆ. ಅಜ್ಜಿ ಹಿರಿಯರಿಗೆ ಕಾಯಿಯನ್ನೂ ಇಟ್ಟಳು. ಯಾವುದರಿಂದ ಎಷ್ಟು ಎಂದು ಬೇರ್ಪಡಿಸಿ ತೋರಿಸು ಎಂದು ಪ್ರಬಂಧದ ಪರೀಕ್ಷಕರು ಕೇಳುತ್ತಾರೆ, ಕೇಳಲಿ.

ಮಾತು ಬೇಡದ, ಮರದ ಆಕೃತಿಗಳನ್ನು ಗುಳಿಗಳಲ್ಲಿ ಕೂರಿಸುವ ಸೆಗುಯಿನ್ ಫಲಕವನ್ನು ಮಾರ್ಗದರ್ಶಕರು ಮಾಡಿಸಿದರು. ವಯಸ್ಸಿಗೆ ತಕ್ಕಂತೆಯೇ ಮಾಡಿದಳು. ಹಳೆಯ 58ರ ಬಗ್ಗೆ ಅವರು ಬರೆದದ್ದು: ಮಗುವಿನ ಭಾಷೆಯಲ್ಲಿ, ಮಗು ಮಾತಾಡುವ ಸ್ಥಿತಿಯಲ್ಲಿ ಪರೀಕ್ಷೆ ನಡೆದಿಲ್ಲವಾದ್ದರಿಂದ ಈ ಅಂಕವನ್ನು ಬಳಸತಕ್ಕದ್ದಲ್ಲ. ಹಾಸ್ಟೆಲಿನವರು ಒಪ್ಪಿದರು. ಎರಡು ಜಡೆಯ ಬದಲು ಬೇಕಾದವರು ಕೂದಲು ಗಿಡ್ಡ ಮಾಡಿಸಿಕೊಳ್ಳಬಹುದು ಎಂದೂ ಆಯಿತು. ಈ ಹುಡುಗಿ ಬೇಡವೆಂದು ತಲೆಯಾಡಿಸಿದಳು. ಅವಳಿಗೆ ರಿಬ್ಬನ್ ಇಷ್ಟವಂತೆ.

ಒಪ್ಪದವನು ಅಪ್ಪ. ಹೊಸ ವರದಿ ಕೊಡಲು ಹೋದಾಗ ಅವನು ಜಗಲಿಯ ಕೆಳಗೇ ನಿಂತು ಕೇಳಿಸಿಕೊಂಡ. ಹಳೆಯ ಕಾಗದವಿದ್ದರೆ ಪ್ರಮಾಣಪತ್ರ ಆಗುತ್ತದೆ, ತಿಂಗಳಿಗೆ ಮಾಸಾಶನ ಬರುತ್ತದೆ ಎಂದು ಯಾರೋ ಅವನಿಗೆ ಹೇಳಿದ್ದರು. ಹೇಳಿದ್ದು ಸುಳ್ಳೂ ಅಲ್ಲ.

“ಇದರಿಂದ ದುಡ್ಡು ಬರೂದಿಲ್ಲ ಅಲ್ಲ ಅಮ್ಮಾ?”

“ಇಲ್ಲ.”

“ಹುಡ್ಗಿ ಸಮ ಇದೆ ಹೇಳಿ ಬರೆದದ್ದು?”

“ಹೌದು.”

“ಅದು ನಮಗೆ ಗೊತ್ತಿತ್ತು” ಎಂದ. ಕಾಗದ ಮಡಚಿ ಕಿಸೆಗೆ ಹಾಕಿಕೊಂಡ. ಆ ದುಡ್ಡಿನ ಜಾಗದಲ್ಲಿ ಇಡಲು ನನ್ನ ಹತ್ತಿರ ಏನೂ ಇರಲಿಲ್ಲ. ಹೆಂಡತಿ ಇನ್ನೂ ಗೋವೆಯಲ್ಲೇ ಇದ್ದಾಳೆ.

ಹುಡುಗಿ ಈ ಜೂನಿನಿಂದ ಐದನೇ ಕ್ಲಾಸು. ತರಗತಿಯಲ್ಲಿ ಹಾಜರಿಗೆ ‘ಬಂದಿದ್ದೇನೆ’ ಎನ್ನುತ್ತಾಳೆ, ಅದರಾಚೆ ಟೀಚರಿಗೆ ಇನ್ನೂ ಏನೂ ದಕ್ಕಿಲ್ಲ. ಹಾಸ್ಟೆಲಿನ ಅಡುಗೆಯವಳು ಅವರ ಮಾತು ಬಲ್ಲವಳು. ಅವಳ ಪ್ರಕಾರ ಇವಳದು ದಿನಾ ಒಂದೇ ತಕರಾರು, ಸಾರಿಗೆ ಖಾರ ಸಾಲದು ಎಂದು.